ಕಾಳಸಂತೆಗೆ ಇಳಿದ ಕಾವಲುಗಾರರು

ಕಾರ್ಲ್ ಮಾರ್ಕ್ ಫೋರ್ಸ್ ಅಮೆರಿಕದ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎಯಲ್ಲಿ 15 ವರ್ಷ ದುಡಿದ ಅಧಿಕಾರಿ. ಮಾರುವೇಷದ ಕಾರ್ಯಾಚರಣೆ ಅವನ ಹೊಣೆಯಾಗಿತ್ತು. ಶಾನ್ ಬ್ರಿಡ್ಜಸ್ ಸೀಕ್ರೆಟ್ ಸರ್ವಿಸ್‌ನವನು. ಆ ಸಂಸ್ಥೆಯನ್ನು ಅಧ್ಯಕ್ಷರ ಅಂಗರಕ್ಷಕ ಪಡೆ ಎಂದೇ ನಾವು ಬಲ್ಲೆವಾದರೂ, 1865ರಲ್ಲಿ ಅದು ಹುಟ್ಟಿದ್ದು ಖೋಟಾ ನೋಟು ತಡೆಯಲು. ಹಣಕಾಸಿನ ಅಪರಾಧಗಳ ತನಿಖೆ ಇಂದಿಗೂ ಅದರ ಕೆಲಸ. ಬಿಟ್‌ಕಾಯಿನ್ ಎಂದರೇನೆಂದು ಪೊಲೀಸರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲದಲ್ಲೇ ಬ್ರಿಡ್ಜಸ್ ಅದರ ಒಳಹೊರಗು ಬಲ್ಲವನಾಗಿದ್ದ.

ಇಬ್ಬರೂ ಬಾಲ್ಟಿಮೋರ್ ನಗರದ ಒಂದೇ ತನಿಖಾ ತಂಡದಲ್ಲಿದ್ದರು. ಅಂತರ್ಜಾಲದ ಅತಿ ದೊಡ್ಡ ಮಾದಕವಸ್ತು ಮಾರುಕಟ್ಟೆಯಾಗಿದ್ದ ‘ಸಿಲ್ಕ್ ರೋಡ್’ ಅನ್ನು ಬಯಲಿಗೆಳೆಯುವುದು ಆ ತಂಡದ ಗುರಿ. ಅದನ್ನು ಸಾಧಿಸಿದ್ದರೆ ಯಾವ ಅಧಿಕಾರಿಗಾದರೂ ಬದುಕಿಡೀ ನಿಲ್ಲುವ ಹೆಸರು ಸಿಗುತ್ತಿತ್ತು. ಆದರೆ 2015ರ ಕೊನೆಯೊಳಗೆ ಇಬ್ಬರಿಗೂ ಜೈಲುಶಿಕ್ಷೆಯಾಯಿತು. ಹಿಡಿಯಬೇಕಿದ್ದ ಸಂತೆಯಲ್ಲೇ ಅವರು ಕದ್ದರು, ಮಾಹಿತಿ ಮಾರಿದರು, ಮಾಡಿದ್ದನ್ನು ಸರ್ಕಾರಿ ಕಡತದಲ್ಲಿ ಸುಳ್ಳು ಬರೆದು ಮುಚ್ಚಿದರು.

ಇದನ್ನು ಇಬ್ಬರು ಕೆಟ್ಟ ಮನುಷ್ಯರ ಕಥೆ ಎಂದು ಓದಿ ಮುಗಿಸಿದರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಅವರಿಗೆ ಆ ಅವಕಾಶ ಸಿಕ್ಕಿದ್ದು ಹೇಗೆ ಎಂಬುದನ್ನು ನಾವು ತಿಳಿಯಬೇಕು. ಡಿಜಿಟಲ್ ಸಾಕ್ಷ್ಯದ ಮೇಲೆ ನಿಂತ ತನಿಖೆಗಳು ಇಂದು ಎಲ್ಲ ದೇಶಗಳಲ್ಲೂ, ನಮ್ಮ ರಾಜ್ಯದಲ್ಲೂ ನಡೆಯುತ್ತಿವೆ.

ಸಂತೆ ನಡೆಯುತ್ತಿದ್ದ ಬಗೆ

ಸಿಲ್ಕ್ ರೋಡ್ ಶುರುವಾದದ್ದು 2011ರ ಆರಂಭದಲ್ಲಿ. ರಾಸ್ ಉಲ್ಬ್ರಿಕ್ಟ್ ಎಂಬ ಯುವಕ ‘ಡ್ರೆಡ್ ಪೈರೇಟ್ ರಾಬರ್ಟ್ಸ್’ ಎಂಬ ಹೆಸರಿನ ಮರೆಯಲ್ಲಿ ಅದನ್ನು ನಡೆಸುತ್ತಿದ್ದ. ಈ ಸಂತೆ ಎರಡು ತಂತ್ರಗಳ ಮೇಲೆ ನಿಂತಿತ್ತು. ಮೊದಲನೆಯದು ಟಾರ್. ಬಳಕೆದಾರ ಎಲ್ಲಿಂದ ಸಂಪರ್ಕಿಸುತ್ತಿದ್ದಾನೆ, ಜಾಲತಾಣದ ಸರ್ವರ್ ಎಲ್ಲಿದೆ ಎಂಬುದನ್ನು ಅದು ಹಲವು ಕಂಪ್ಯೂಟರ್‌ಗಳ ಮೂಲಕ ಹಾಯಿಸಿ ಮರೆಮಾಡುತ್ತದೆ. ಎರಡನೆಯದು ಬಿಟ್‌ಕಾಯಿನ್. ಇಲ್ಲಿ ಬ್ಯಾಂಕ್ ಇಲ್ಲ, ಖಾತೆದಾರನ ಹೆಸರೂ ಇಲ್ಲ. ಉದ್ದನೆಯ ಅಕ್ಷರ–ಅಂಕಿಗಳ ವಿಳಾಸವೊಂದರಿಂದ ಇನ್ನೊಂದಕ್ಕೆ ಹಣ ಸಾಗುತ್ತದೆ.

ಮುಂದಿನದೆಲ್ಲ ಅರ್ಥವಾಗಲು ಬಿಟ್‌ಕಾಯಿನ್‌ನ ಎರಡು ಗುಣಗಳನ್ನು ತಿಳಿದಿರಬೇಕು. ಪ್ರತಿ ವಿಳಾಸಕ್ಕೂ ಒಂದು ಗುಪ್ತ ಕೀ ಇರುತ್ತದೆ. ಅದು ದೊಡ್ಡದೊಂದು ಸಂಖ್ಯೆ, ಅಷ್ಟೇ. ಅದನ್ನು ಬಲ್ಲವನೇ ಹಣದ ಯಜಮಾನ. ಅವನು ಹಣ ಸಾಗಿಸಿದ ಮೇಲೆ ತಡೆಯಲು ಮ್ಯಾನೇಜರ್ ಇಲ್ಲ, ವಾಪಸ್ ತರಿಸಲು ಅರ್ಜಿ ಇಲ್ಲ. ಇನ್ನೊಂದು ಗುಣ ಇದಕ್ಕೆ ತದ್ವಿರುದ್ಧ. ಇದುವರೆಗೆ ನಡೆದ ಪ್ರತಿಯೊಂದು ವರ್ಗಾವಣೆಯೂ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಊರ ಚಾವಡಿಯ ಗೋಡೆಯ ಮೇಲೆ ಅಳಿಸಲಾಗದಂತೆ ಬರೆದ ಲೆಕ್ಕದ ಹಾಗೆ ಯಾರು ಬೇಕಾದರೂ ಅದನ್ನು ಓದಬಹುದು. ಹೆಸರುಗಳು ಮಾತ್ರ ಕಾಣುವುದಿಲ್ಲ. ಕೀ ಬಲ್ಲವನಿಗೆ ಕದಿಯುವುದು ಸುಲಭವಾದದ್ದು ಮೊದಲ ಗುಣದಿಂದ. ಕದ್ದವನು ಸಿಕ್ಕಿಬಿದ್ದದ್ದು ಎರಡನೆಯದರಿಂದ.

ವಿಚಾರಣೆಯ ನೆರಳಲ್ಲಿ 20,000 ಬಿಟ್‌ಕಾಯಿನ್

2013ರ ಜನವರಿಯಲ್ಲಿ ಬಾಲ್ಟಿಮೋರ್ ತಂಡ ಯೂಟಾ ರಾಜ್ಯದಲ್ಲಿ ಸಿಲ್ಕ್ ರೋಡ್‌ನ ಸಹಾಯಕನೊಬ್ಬನನ್ನು ಬಂಧಿಸಿತು. ಗ್ರಾಹಕರ ದೂರುಗಳನ್ನು ನೋಡಿಕೊಳ್ಳುತ್ತಿದ್ದ ಅವನಿಗೆ ಜಾಲತಾಣದ ಆಡಳಿತ ಖಾತೆಯೊಳಗೆ ಪ್ರವೇಶವಿತ್ತು. ಬಂಧನವಾದ ಮೇಲೆ ಅವನು ತನಿಖೆಗೆ ಸಹಕರಿಸಲು ಒಪ್ಪಿ, ಲಾಗಿನ್ ವಿವರಗಳನ್ನು ಕೊಟ್ಟ. ಆ ಬೀಗದ ಕೈ ಬ್ರಿಡ್ಜಸ್‌ಗೂ ದಕ್ಕಿತು.

ಜನವರಿ 25ರಂದು ಸಿಲ್ಕ್ ರೋಡ್‌ನ ಮಾರಾಟಗಾರರ ಖಾತೆಗಳು ಒಂದೊಂದಾಗಿ ಬರಿದಾದವು. ಸಹಾಯಕನ ಪ್ರವೇಶವನ್ನು ಬಳಸಿಕೊಂಡು ಬ್ರಿಡ್ಜಸ್ ಆ ಖಾತೆಗಳ ಪಾಸ್‌ವರ್ಡ್ ಮತ್ತು ಪಿನ್ ಬದಲಾಯಿಸಿ, ಸುಮಾರು 20,000 ಬಿಟ್‌ಕಾಯಿನ್‌ಗಳನ್ನು ತನ್ನ ಕೈವಶದ ವಾಲೆಟ್‌ಗೆ ಸಾಗಿಸಿದ್ದ. ಆ ದಿನದ ಬೆಲೆಯಲ್ಲಿ ಅದು ಸುಮಾರು 3.5 ಲಕ್ಷ ಡಾಲರ್. ಅಲ್ಲಿಂದ ಅದು ಜಪಾನಿನ ಮೌಂಟ್ ಗಾಕ್ಸ್ ಎಂಬ ವಿನಿಮಯ ಕೇಂದ್ರಕ್ಕೆ ಹೋಯಿತು. ಬಿಟ್‌ಕಾಯಿನ್ ಬೆಲೆ ಏರುತ್ತಿದ್ದ ಮಾರ್ಚ್–ಮೇ ತಿಂಗಳುಗಳಲ್ಲಿ ಅದನ್ನು ಮಾರಿ, ಸುಮಾರು 8.2 ಲಕ್ಷ ಡಾಲರನ್ನು ಅಮೆರಿಕದಲ್ಲಿದ್ದ ತನ್ನ ಹೂಡಿಕೆ ಖಾತೆಗೆ ತರಿಸಿಕೊಂಡ. ಕೊನೆಯ ಕಂತು ಬಂದು ಎರಡೇ ದಿನಕ್ಕೆ ಅದೇ ಮೌಂಟ್ ಗಾಕ್ಸ್‌ನ ಹಣ ಜಪ್ತಿ ಮಾಡಲು ಅನುಮತಿ ಕೋರಿ ಸರ್ಕಾರ ನ್ಯಾಯಾಲಯಕ್ಕೆ ಹೋಯಿತು. ಅದಕ್ಕೆ ಪ್ರಮಾಣಪತ್ರ ಬರೆದುಕೊಟ್ಟ ಅಧಿಕಾರಿ ಬ್ರಿಡ್ಜಸ್ಸೇ.

ಕಳ್ಳತನದ ಕುರುಹೆಲ್ಲ ಸಹಾಯಕನ ಖಾತೆಯ ಕಡೆಗೇ ಬೊಟ್ಟು ಮಾಡುತ್ತಿತ್ತು. ಉಲ್ಬ್ರಿಕ್ಟ್ ಅವನೇ ಕಳ್ಳನೆಂದು ನಂಬಿದ. ‘ನಾಬ್’ ಎಂಬ ದೊಡ್ಡ ಮಾದಕವಸ್ತು ಸಾಗಣೆದಾರ ಅಷ್ಟರಲ್ಲಾಗಲೇ ಅವನ ಸ್ನೇಹ ಸಂಪಾದಿಸಿದ್ದ. ಸಹಾಯಕನನ್ನು ಕೊಲ್ಲಿಸುವ ಕೆಲಸವನ್ನು ಉಲ್ಬ್ರಿಕ್ಟ್ ಆ ನಾಬ್‌ಗೇ ವಹಿಸಿ 80,000 ಡಾಲರ್ ಕೊಟ್ಟ. ಆ ನಾಬ್ ಬೇರಾರೂ ಅಲ್ಲ, ಮಾರುವೇಷದಲ್ಲಿದ್ದ ಫೋರ್ಸ್. ತಂಡ ಕೊಲೆಯ ನಾಟಕವಾಡಿ, ನಕಲಿ ಚಿತ್ರಗಳನ್ನು ಕಳಿಸಿತು. ಯಾರೂ ಸಾಯಲಿಲ್ಲ. ಆದರೆ ಒಬ್ಬ ಅಧಿಕಾರಿಯ ಕಳ್ಳತನದಿಂದ ಇನ್ನೊಬ್ಬ ಮನುಷ್ಯನ ತಲೆಗೆ ಬೆಲೆ ಕಟ್ಟುವಂತಾಯಿತು. ಆ ಸಂತೆಯಲ್ಲಿ ನಾಬ್‌ನಂಥ ಹೆಸರಿನ ಹಿಂದೆ ನಿಜವಾದ ಕೊಲೆಗಡುಕನೇ ಇದ್ದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಈ ಅಪರಾಧದ ತೂಕ ತಿಳಿಯುತ್ತದೆ.

ಒಬ್ಬನೇ ಅಧಿಕಾರಿ, ಹಲವು ಹೆಸರು

ನಾಬ್ ಎಂಬ ವೇಷಕ್ಕೆ ಡಿಇಎ ಒಪ್ಪಿಗೆಯಿತ್ತು. ಆ ವೇಷದಲ್ಲಿ ಫೋರ್ಸ್ ಉಲ್ಬ್ರಿಕ್ಟ್‌ಗೆ ಸರ್ಕಾರದೊಳಗೆ ತನಗೊಬ್ಬ ಲಂಚಕೋರ ಗೊತ್ತಿದ್ದಾನೆ, ತನಿಖೆಯ ಸುದ್ದಿ ತಂದುಕೊಡುತ್ತಾನೆ ಎಂದು ಹೇಳಿದ. ತನಿಖೆಯ ತಂತ್ರವಾಗಿ ಇದು ಸರಿಯೇ. ಆದರೆ ಉಲ್ಬ್ರಿಕ್ಟ್ ಆ ಸುದ್ದಿಗೆ ಕೊಟ್ಟ ಬಿಟ್‌ಕಾಯಿನ್ ಸರ್ಕಾರದ ಸೊತ್ತು. 2013ರಲ್ಲಿ, ಅಮೆರಿಕದ ಬೇಸಿಗೆಯ ಕೊನೆಯ ದಿನಗಳಲ್ಲಿ, ಹೀಗೆ ಬಂದ ಒಂದು ಲಕ್ಷ ಡಾಲರಿಗೂ ಮಿಕ್ಕ ಬಿಟ್‌ಕಾಯಿನ್ ಫೋರ್ಸ್‌ನ ಸ್ವಂತ ಖಾತೆ ಸೇರಿತು. ಮಾತುಕತೆಯನ್ನು ಗೂಢಲಿಪಿಯಲ್ಲೇ ನಡೆಸಬೇಕೆಂದು ಅವನೇ ಉಲ್ಬ್ರಿಕ್ಟ್‌ಗೆ ಹೇಳಿಕೊಟ್ಟ, ಏಕೆಂದರೆ ಹಾಗಾದರೆ ಸಹೋದ್ಯೋಗಿಗಳೂ ಓದಲಾರರು. ಕಡತಕ್ಕೆ ಸೇರಿದ ವರದಿಗಳಲ್ಲಿ ಸುಳ್ಳು ಬರೆದ.

ಇಷ್ಟಕ್ಕೆ ಅವನು ನಿಲ್ಲಲಿಲ್ಲ. ಮೇಲಧಿಕಾರಿಗಳಿಗೆ ತಿಳಿಸದೆ ‘ಫ್ರೆಂಚ್ ಮೇಡ್’ ಎಂಬ ಇನ್ನೊಂದು ಹೆಸರು ಹುಟ್ಟುಹಾಕಿ, ತನಿಖೆಯ ಒಳಗುಟ್ಟನ್ನು ಉಲ್ಬ್ರಿಕ್ಟ್‌ಗೆ ಮಾರಿ, ಮತ್ತೆ ಸುಮಾರು ಒಂದು ಲಕ್ಷ ಡಾಲರ್ ಮೌಲ್ಯದ ಬಿಟ್‌ಕಾಯಿನ್ ಗಳಿಸಿದ. ಡಿಇಎ ಕೆಲಸದಲ್ಲಿದ್ದುಕೊಂಡೇ ಕಾಯಿನ್‌ಎಂಕೆಟಿ ಎಂಬ ಕ್ರಿಪ್ಟೊ ವಿನಿಮಯ ಕಂಪನಿಯಲ್ಲಿ ಹಣ ಹೂಡಿ, ನಿಯಮಪಾಲನೆ ನೋಡಿಕೊಳ್ಳುವ ಮುಖ್ಯಸ್ಥನೂ ಆದ. 2014ರ ಫೆಬ್ರುವರಿಯಲ್ಲಿ ಆ ಕಂಪನಿ ಗ್ರಾಹಕನೊಬ್ಬನ ಖಾತೆಯ ಬಗ್ಗೆ ಅನುಮಾನ ತೋಡಿಕೊಂಡಾಗ, ಫೋರ್ಸ್ ಸರ್ಕಾರದ ಅಧಿಕಾರ ತೋರಿಸಿ ಅದನ್ನು ತಡೆಹಿಡಿಸಿ, ಅದರಲ್ಲಿದ್ದ ಸುಮಾರು ಮೂರು ಲಕ್ಷ ಡಾಲರಿನ ಕ್ರಿಪ್ಟೊವನ್ನು ತನ್ನ ಖಾತೆಗೆ ಎಳೆದುಕೊಂಡ. ಸಿಲ್ಕ್ ರೋಡ್ ತನಿಖೆಯ ಸಿನಿಮಾಕ್ಕೆಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಜತೆ 2.4 ಲಕ್ಷ ಡಾಲರಿನ ಒಪ್ಪಂದವನ್ನೂ ಅನುಮತಿಯಿಲ್ಲದೆ ಮಾಡಿಕೊಂಡ.

ಮಾರುವೇಷದ ಕೆಲಸದಲ್ಲಿ ಸುಳ್ಳು ಹೇಳುವುದು ಕರ್ತವ್ಯದ ಭಾಗ. ಅದಕ್ಕಾಗಿಯೇ ಅಂಥ ಅಧಿಕಾರಿ ಯಾರೊಡನೆ ಏನು ಮಾತಾಡಿದ, ಎಷ್ಟು ಹಣ ಬಂತು, ಎಲ್ಲಿ ಹೋಯಿತು ಎಂಬುದನ್ನು ಇನ್ನೊಬ್ಬರು ದಿನದಿನ ನೋಡಬೇಕು. ಇಲ್ಲಿ ಕಡತ ಬರೆಯುವವನೂ ಹಣ ಪಡೆಯುವವನೂ ಒಬ್ಬನೇ ಆಗಿದ್ದ.

ಸಿಕ್ಕಿಬಿದ್ದದ್ದು ಹೇಗೆ

ಉಲ್ಬ್ರಿಕ್ಟ್‌ನನ್ನು ಕೊನೆಗೂ ಹಿಡಿದದ್ದು ಬಾಲ್ಟಿಮೋರ್ ತಂಡವಲ್ಲ. ನ್ಯೂಯಾರ್ಕ್‌ನಲ್ಲಿ ಬೇರೆಯಾಗಿ ನಡೆಯುತ್ತಿದ್ದ ತನಿಖೆಯಿಂದಾಗಿ, 2013ರ ಅಕ್ಟೋಬರ್ 1ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಎಫ್‌ಬಿಐ ಅವನನ್ನು ಬಂಧಿಸಿತು. ತೆರೆದಿದ್ದ ಲ್ಯಾಪ್‌ಟಾಪ್ ಹಾಗೆಯೇ ವಶವಾಯಿತು. ಅದರಲ್ಲಿ ಅವನ ವಾಲೆಟ್‌ಗಳೂ ದಿನಚರಿಯಂಥ ಟಿಪ್ಪಣಿಗಳೂ ಇದ್ದವು. ಫ್ರೆಂಚ್ ಮೇಡ್‌ಗೆ ಹಣ ಕೊಟ್ಟದ್ದೂ ಅಲ್ಲಿ ದಾಖಲಾಗಿತ್ತು.

2014ರಲ್ಲಿ ಬಿಟ್‌ಸ್ಟ್ಯಾಂಪ್ ಎಂಬ ವಿನಿಮಯ ಕೇಂದ್ರ ಫೋರ್ಸ್‌ನ ಖಾತೆಯ ವ್ಯವಹಾರ ನೋಡಿ ಅನುಮಾನಪಟ್ಟಿತು. ಸುದ್ದಿ ಫೆಡರಲ್ ಪ್ರಾಸಿಕ್ಯೂಟರ್ ಕ್ಯಾಥರಿನ್ ಹಾನ್ ಅವರನ್ನು ಮುಟ್ಟಿತು. ತೆರಿಗೆ ಇಲಾಖೆಯ ಅಪರಾಧ ತನಿಖಾಧಿಕಾರಿ ಟಿಗ್ರಾನ್ ಗಂಬಾರ್ಯನ್ ಬ್ಲಾಕ್‌ಚೈನ್‌ನ ದಾಖಲೆ ಹಿಡಿದು ಕುಳಿತರು. ಉಲ್ಬ್ರಿಕ್ಟ್‌ನ ವಾಲೆಟ್‌ನಿಂದ ಹೊರಟ ಹಣ ಎಲ್ಲೆಲ್ಲಿ ಹಾದು ಎಲ್ಲಿ ತಲುಪಿತೆಂದು ಒಂದೊಂದೇ ಕೊಂಡಿ ಬಿಡಿಸಿದರು. ಕೊನೆಯ ಕೊಂಡಿ ಫೋರ್ಸ್‌ನ ಹೆಸರಿನ ಖಾತೆಯಲ್ಲಿತ್ತು. ವಿನಿಮಯ ಕೇಂದ್ರದಲ್ಲಿ ಹಣ ಬಿಡಿಸಿಕೊಳ್ಳಲು ಗುರುತಿನ ಚೀಟಿ ಕೊಡಲೇಬೇಕು. ಅಲ್ಲಿಗೆ ಬಿಟ್‌ಕಾಯಿನ್‌ನ ಮರೆ ಮುಗಿಯುತ್ತದೆ. ಫ್ರೆಂಚ್ ಮೇಡ್ ಹೆಸರಿನ ಒಂದು ಸಂದೇಶಕ್ಕೆ ಫೋರ್ಸ್ ಮರೆತು ‘ಕಾರ್ಲ್’ ಎಂದು ಸಹಿ ಹಾಕಿದ್ದೂ, ನಾಬ್ ಮತ್ತು ಫ್ರೆಂಚ್ ಮೇಡ್ ಇಬ್ಬರೂ ಒಂದೇ ಹಳೆಯ ಆವೃತ್ತಿಯ ಗೂಢಲಿಪಿ ತಂತ್ರಾಂಶ ಬಳಸಿದ್ದೂ ಸಾಕ್ಷ್ಯವನ್ನು ಗಟ್ಟಿ ಮಾಡಿದವು. ಬ್ರಿಡ್ಜಸ್‌ನ ಕಳವೂ ಇದೇ ತನಿಖೆಯಲ್ಲಿ ಹೊರಬಿತ್ತು.

ಇಬ್ಬರೂ ತಪ್ಪೊಪ್ಪಿಕೊಂಡರು. ಸುಲಿಗೆ, ಅಕ್ರಮ ಹಣ ವರ್ಗಾವಣೆ, ನ್ಯಾಯಕ್ಕೆ ಅಡ್ಡಿ ಎಂಬ ಆರೋಪಗಳ ಮೇಲೆ 2015ರ ಅಕ್ಟೋಬರ್‌ನಲ್ಲಿ ಫೋರ್ಸ್‌ಗೆ 78 ತಿಂಗಳ ಸೆರೆವಾಸವಾಯಿತು. ಡಿಸೆಂಬರ್‌ನಲ್ಲಿ ಬ್ರಿಡ್ಜಸ್‌ಗೆ 71 ತಿಂಗಳು. ಜೈಲಿಗೆ ಹಾಜರಾಗಬೇಕಿದ್ದ ಹಿಂದಿನ ದಿನ, 2016ರ ಜನವರಿ 28ರಂದು, ಬ್ರಿಡ್ಜಸ್‌ನನ್ನು ಮನೆಯಲ್ಲೇ ಮತ್ತೆ ಬಂಧಿಸಿದರು. ಸರ್ಕಾರ ಜಪ್ತಿ ಮಾಡಿಟ್ಟಿದ್ದ ಸುಮಾರು 1,600 ಬಿಟ್‌ಕಾಯಿನ್‌ಗಳನ್ನೂ ಅವನು ಸಾಗಿಸಿದ್ದ. ಕೆಲಸ ಬಿಟ್ಟ ಮೇಲೂ ಆ ವಾಲೆಟ್‌ನ ಗುಪ್ತ ಕೀ ಅವನಲ್ಲಿ ಉಳಿದಿತ್ತು, ಸೀಕ್ರೆಟ್ ಸರ್ವಿಸ್ ಹಣವನ್ನು ಸಕಾಲದಲ್ಲಿ ಬೇರೆ ವಾಲೆಟ್‌ಗೆ ಬದಲಿಸಿರಲಿಲ್ಲ. ಇದಕ್ಕಾಗಿ 2017ರಲ್ಲಿ ಅವನಿಗೆ ಇನ್ನೂ 24 ತಿಂಗಳ ಶಿಕ್ಷೆ ಸೇರಿತು.

ನಷ್ಟ ಯಾರಿಗೆ

ಉಲ್ಬ್ರಿಕ್ಟ್ 2015ರ ಫೆಬ್ರುವರಿಯಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು, ಮೇ ತಿಂಗಳಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅವನ ವಿಚಾರಣೆ ನಡೆಯುವಾಗ ಫೋರ್ಸ್ ವಿರುದ್ಧದ ತನಿಖೆ ಇನ್ನೂ ಗುಟ್ಟಾಗಿತ್ತು, ಜ್ಯೂರಿಗೆ ಅದು ತಿಳಿಯಲೇ ಇಲ್ಲ. ನ್ಯೂಯಾರ್ಕ್ ತಂಡದ ಸಾಕ್ಷ್ಯ ಸ್ವತಂತ್ರವಾಗಿದ್ದುದರಿಂದ 2017ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು. ಆದರೂ ಅನುಮಾನ ಉಳಿಯಿತು. ಅವನ ಬಿಡುಗಡೆಗಾಗಿ ವರ್ಷಗಟ್ಟಲೆ ಹೋರಾಡಿದವರು ಈ ಭ್ರಷ್ಟಾಚಾರವನ್ನು ಮತ್ತೆ ಮತ್ತೆ ಎತ್ತಿ ತೋರಿಸಿದರು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅವನಿಗೆ ಪೂರ್ಣ ಕ್ಷಮಾದಾನ ಕೊಟ್ಟರು.

ಪೊಲೀಸ್ ಅಧಿಕಾರಿ ಕದ್ದರೆ ನಷ್ಟ ಕದ್ದ ಮೊತ್ತಕ್ಕೆ ನಿಲ್ಲುವುದಿಲ್ಲ. ಅವನು ಮುಟ್ಟಿದ ಪ್ರತಿ ಸಾಕ್ಷ್ಯವನ್ನೂ ಆರೋಪಿಯ ವಕೀಲರು ಪ್ರಶ್ನಿಸಬಹುದು, ಪ್ರಶ್ನಿಸಬೇಕು ಕೂಡ. ಪ್ರಾಮಾಣಿಕವಾಗಿ ದುಡಿದ ಸಹೋದ್ಯೋಗಿಗಳ ವರ್ಷಗಳ ಶ್ರಮಕ್ಕೂ ಆ ಕಲೆ ಅಂಟುತ್ತದೆ.

ಕೀ ಒಬ್ಬನ ಕೈಯಲ್ಲಿರಬಾರದು

ಕರ್ನಾಟಕಕ್ಕೆ ಇದು ದೂರದ ವಿಷಯವಲ್ಲ. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಹ್ಯಾಕರ್ ಒಬ್ಬನನ್ನು ಬಂಧಿಸಿದ ಮೇಲೆ ‘ಬಿಟ್‌ಕಾಯಿನ್ ಹಗರಣ’ ಎಂದೇ ಹೆಸರಾದ ಪ್ರಕರಣ ಬೆಳೆಯಿತು. ಜಪ್ತಿಯಾಯಿತೆಂದು ಹೇಳಿದ ಬಿಟ್‌ಕಾಯಿನ್‌ಗಳು ನಿಜಕ್ಕೂ ಪೊಲೀಸರ ವಶಕ್ಕೆ ಬಂದವೇ ಎಂಬುದೇ ವಿವಾದವಾಯಿತು. 2023ರಲ್ಲಿ ರಾಜ್ಯ ಸರ್ಕಾರ ಎಸ್‌ಐಟಿ ರಚಿಸಿತು. 2024ರ ಜನವರಿಯಲ್ಲಿ ಆ ಎಸ್‌ಐಟಿ ಮೊದಲ ತನಿಖೆಯಲ್ಲಿ ಪಾಲ್ಗೊಂಡಿದ್ದ ಒಬ್ಬ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಖಾಸಗಿ ಸೈಬರ್ ತಜ್ಞನನ್ನು ಸಾಕ್ಷ್ಯ ತಿದ್ದಿದ ಆರೋಪದ ಮೇಲೆ ಬಂಧಿಸಿತು. ಆರೋಪ ಆರೋಪವೇ, ತೀರ್ಪು ಹೇಳಬೇಕಾದದ್ದು ನ್ಯಾಯಾಲಯ. ಆದರೆ ತನಿಖೆಯನ್ನೇ ತನಿಖೆ ಮಾಡಬೇಕಾಗಿ ಬಂದ ಸ್ಥಿತಿ ಬಾಲ್ಟಿಮೋರ್‌ನ ಪ್ರಶ್ನೆಯನ್ನು ನಮ್ಮ ಮುಂದೆಯೂ ಇಡುತ್ತದೆ.

ಚಿನ್ನದ ಸರ ಜಪ್ತಿಯಾದರೆ ಪಂಚರ ಮುಂದೆ ಮಹಜರು ಬರೆಯುತ್ತಾರೆ, ತೂಕ ಹಾಕುತ್ತಾರೆ, ಅರಗು ಒತ್ತುತ್ತಾರೆ, ಮುದ್ದೆಮಾಲು ಠಾಣೆಯ ದಾಖಲೆಗೆ ಸೇರುತ್ತದೆ. ಬಿಟ್‌ಕಾಯಿನ್‌ನ ಗುಪ್ತ ಕೀಯನ್ನು ಕಾಗದದ ಚೀಟಿಯಲ್ಲಿ ಬರೆದು ಅರಗು ಒತ್ತಿದರೆ ಏನೂ ಸಾಧಿಸಿದಂತಾಗುವುದಿಲ್ಲ, ಬರೆದವನಿಗೆ ಆ ಸಂಖ್ಯೆ ಗೊತ್ತಿದ್ದರೆ ಹಣವೂ ಅವನದೇ. ಆದ್ದರಿಂದ ಜಪ್ತಿ ಎಂದರೆ ಹಣವನ್ನು ತಕ್ಷಣ ಸರ್ಕಾರದ ಹೊಸ ವಾಲೆಟ್‌ಗೆ ಸಾಗಿಸುವುದು. ಇಬ್ಬರು ಮೂವರು ಅಧಿಕಾರಿಗಳ ಕೀ ಸೇರಿದರೆ ಮಾತ್ರ ತೆರೆಯುವ ವಾಲೆಟ್‌ಗಳಿವೆ, ಅವನ್ನೇ ಬಳಸಬೇಕು. ಅಧಿಕಾರಿ ವರ್ಗವಾದ ದಿನವೇ, ರಾಜೀನಾಮೆ ಕೊಟ್ಟ ದಿನವೇ ಕೀ ಬದಲಾಗಬೇಕು. ಬ್ರಿಡ್ಜಸ್‌ನ ಎರಡನೆಯ ಕಳವು ಇಷ್ಟರಿಂದಲೇ ತಪ್ಪುತ್ತಿತ್ತು.

ನಮ್ಮ ಕಾನೂನೂ ಈ ದಿಕ್ಕಿಗೆ ಹೆಜ್ಜೆಯಿಟ್ಟಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ, ಆಡಿಯೊ ಸಹಿತ ದಾಖಲಿಸಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಡಿಜಿಟಲ್ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ, ಅದರಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಒಳವಿಷಯದಿಂದ ಲೆಕ್ಕ ಹಾಕಿ ತೆಗೆದ ಸಂಖ್ಯೆ. ಕಡತದಲ್ಲಿ ಒಂದೇ ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬದಲಾಗುತ್ತದೆ, ಹೀಗಾಗಿ ತಿದ್ದುಪಡಿ ಅಡಗುವುದಿಲ್ಲ.

ತಂಡದಲ್ಲಿ ಒಬ್ಬನಿಗೆ ಮಾತ್ರ ತಂತ್ರಜ್ಞಾನ ಗೊತ್ತಿದ್ದರೆ ಉಳಿದವರು ಅವನು ಹೇಳಿದ್ದಕ್ಕೆ ಸಹಿ ಹಾಕುವವರಾಗುತ್ತಾರೆ. ಬ್ರಿಡ್ಜಸ್ ಪಳಗಿದ ಅಧಿಕಾರಿಯಾಗಿದ್ದ, ಅವನ ಕೆಲಸವನ್ನು ಅಳೆಯಬಲ್ಲವರು ಪಕ್ಕದಲ್ಲಿರಲಿಲ್ಲ. ಆದ್ದರಿಂದ ಠಾಣೆಯ ಬರಹಗಾರರಿಂದ ಹಿಡಿದು ಎಸ್‌ಪಿಯವರೆಗೆ, ಪ್ರಾಸಿಕ್ಯೂಟರ್‌ನಿಂದ ನ್ಯಾಯಾಧೀಶರವರೆಗೆ, ಈ ಅರಿವು ಹರಡಬೇಕು. ಮೇಲ್ವಿಚಾರಣೆಯನ್ನು ಅಪನಂಬಿಕೆ ಎಂದು ಯಾವ ಅಧಿಕಾರಿಯೂ ಭಾವಿಸಬೇಕಿಲ್ಲ. ನಾಳೆ ಯಾರಾದರೂ ಅವನ ಮೇಲೆ ಸುಳ್ಳು ಆರೋಪ ಹೊರಿಸಿದಾಗ ಅವನನ್ನು ಉಳಿಸುವುದು ಎರಡನೆಯವರ ಸಹಿಯಿರುವ ದಾಖಲೆಯೇ. ಪ್ರಾಮಾಣಿಕನು ತಾನು ಪ್ರಾಮಾಣಿಕನೆಂದು ತೋರಿಸಿಕೊಡಲು ಸಾಧ್ಯವಾಗುವಂಥ ವ್ಯವಸ್ಥೆ ಕಟ್ಟಿದರೆ, ದುರಾಸೆಯ ಗಳಿಗೆಯಲ್ಲಿ ದುರ್ಬಲನಾದವನನ್ನೂ ಅದೇ ವ್ಯವಸ್ಥೆ ತಡೆದು ನಿಲ್ಲಿಸುತ್ತದೆ.