ಆಟದೊಳಗಣ ವಶೀಕರಣ

ವಶೀಕರಣವೆಂಬ ಮಾತು ನಮಗೆ ಹೊಸದಲ್ಲ. ಮಾಂತ್ರಿಕರ ಷಟ್ಕರ್ಮಗಳಲ್ಲಿ ಅದೂ ಒಂದು. ಮಂಕುಬೂದಿ ಎರಚಿದರು ಎಂದು ಕಥೆಗಾರ ಹೇಳಿದರೆ ಸಾಕು, ನಾವು ತಲೆದೂಗುತ್ತೇವೆ. ಅದು ಹೇಗೆ ಸಾಧ್ಯವೆಂದು ಕೇಳುವುದಿಲ್ಲ. ಆದರೆ ಹೇಗೆ, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂದು ಲೆಕ್ಕವಿಟ್ಟು ಹೇಳುವ ಆಟವೊಂದಿದೆ. ಇಂದು ಅದರ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮಗಳ ಮಗ ಗೆಳೆಯರೊಡನೆ ನಮ್ಮ ನಡುಮನೆಯಲ್ಲಿ ಈ ಆಟಕ್ಕೆ ಕುಳಿತಿದ್ದ. ನಡುವೆ ಒಬ್ಬ ಹುಡುಗ ಮುಖ ಕೆಂಪು ಮಾಡಿಕೊಂಡು ಎದ್ದುಹೋದ. "ಏನಾಯಿತೋ?" ಎಂದೆ. "ಏನಿಲ್ಲ ತಾತ, ಮಂತ್ರವಾದಿ ಅವನ ಪಾತ್ರಾನ ವಶ ಮಾಡಿಕೊಂಡ. ಅದರ ಕೈಯಿಂದಲೇ ನನ್ನ ಪಾತ್ರಕ್ಕೆ ಕತ್ತಿಯಲ್ಲಿ ಹೊಡೆಸಿದ. ಅವನಿಗೆ ಬೇಜಾರಾಯಿತು" ಎಂದ. ಕಲ್ಪನೆಯ ಪೆಟ್ಟಿಗೆ ನಿಜವಾದ ನೋವೇಕೆ? ಈ ಪ್ರಶ್ನೆಯೇ ನನ್ನ ಕೈಗೆ ಅವರ ನಿಯಮಗ್ರಂಥವನ್ನು ಕೊಟ್ಟಿತು.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ್ದು. ಮೊದಲು ಪ್ರಕಟವಾದದ್ದು 1974ರಲ್ಲಿ. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ನಿರೂಪಕ. ಅವನೇ ಲೋಕವನ್ನೂ ಶತ್ರುಗಳನ್ನೂ ನಡೆಸುವವನು. ಉಳಿದವರಿಗೆ ಒಂದೊಂದು ಪಾತ್ರ. ಎಲ್ಲವೂ ಮಾತಿನಲ್ಲೇ ನಡೆಯುತ್ತದೆ. ತಾಳಮದ್ದಲೆಯ ಅರ್ಥಧಾರಿಗಳನ್ನು ನೆನೆಯಬಹುದು. ಆದರೆ ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ಸಂದೇಹ ಬಂದಲ್ಲಿ ಇಪ್ಪತ್ತು ಮುಖದ ದಾಳವೊಂದು ತೀರ್ಪು ಕೊಡುತ್ತದೆ.

ಈ ಆಟದಲ್ಲಿ ಮನಸ್ಸನ್ನು ಹಿಡಿಯುವ ಮಂತ್ರಗಳು ಹಲವು. ಮೂರನ್ನು ನೋಡೋಣ, ನಾನು ಹೇಳುತ್ತಿರುವುದು 2014ರ ಐದನೆಯ ಆವೃತ್ತಿಯ ನಿಯಮ. ಮೊದಲನೆಯದು 'ಚಾರ್ಮ್ ಪರ್ಸನ್', ಎಂದರೆ ಮೋಹನ. ಮಂತ್ರ ಹಾಕಿದೊಡನೆ ಅದು ಹತ್ತಿಬಿಡುವುದಿಲ್ಲ. ಎದುರಾಳಿಗೆ ತನ್ನ ವಿವೇಕದ ಬಲದಿಂದ ತಡೆಯುವ ಅವಕಾಶವುಂಟು. ಹೊಸ ಮಂತ್ರವಾದಿಯೊಬ್ಬನ ಮಂತ್ರಬಲ 13 ಎನ್ನೋಣ. ಸ್ವಲ್ಪ ವಿವೇಕವುಳ್ಳ ಎದುರಾಳಿ ದಾಳ ಎಸೆದು, ಬಿದ್ದ ಅಂಕಿಗೆ ಒಂದನ್ನು ಕೂಡಿಸಿಕೊಳ್ಳುತ್ತಾನೆ. ದಾಳದಲ್ಲಿ 12 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಪಾರಾದ. ನೂರಕ್ಕೆ 45ರಷ್ಟು ಸಾಧ್ಯತೆ. ಆ ವೇಳೆಗೆ ಅವರಿಬ್ಬರ ನಡುವೆ ಕಾಳಗ ನಡೆದಿದ್ದರೆ ಅವನಿಗೆ ಎರಡು ದಾಳ, ಮೇಲಿನ ಅಂಕಿ ಅವನದು. ಆಗ ಸಾಧ್ಯತೆ ಸುಮಾರು 70ಕ್ಕೇರುತ್ತದೆ. ಹೊಡೆಯುತ್ತಿರುವವನನ್ನು ಸ್ನೇಹಿತನೆಂದು ನಂಬಿಸುವುದು ಕಷ್ಟ ತಾನೆ?

ಮೋಹಕ್ಕೆ ಒಳಗಾದವನು ದಾಸನಾಗುವುದಿಲ್ಲ. ಮಂತ್ರವಾದಿಯನ್ನು ಪರಿಚಿತ ಸ್ನೇಹಿತನೆಂದು ಬಗೆಯುತ್ತಾನೆ, ಅವನ ಮೇಲೆ ಕೈಮಾಡಲಾರ, ಅವನ ಮಾತಿಗೆ ಬೇಗ ಒಲಿಯುತ್ತಾನೆ, ಅಷ್ಟೆ. ಅವಧಿ ಒಂದು ಗಂಟೆ. ಅದು ಮುಗಿದ ಕೂಡಲೇ, ತನ್ನನ್ನು ಮೋಹಗೊಳಿಸಿದವನು ಇಂಥವನೇ ಎಂಬುದು ಅವನಿಗೆ ತಿಳಿದುಹೋಗುತ್ತದೆ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಎರಡನೆಯದು 'ಸಜೆಷನ್', ಸೂಚನೆ. ಒಂದೆರಡು ವಾಕ್ಯಗಳಲ್ಲಿ ಒಂದು ಕೆಲಸವನ್ನು ಸೂಚಿಸಿದರೆ ಕೇಳಿದವನು ಎಂಟು ಗಂಟೆಗಳವರೆಗೂ ಅದರಂತೆ ನಡೆಯುತ್ತಾನೆ. ಆದರೆ ಸೂಚನೆ ಸಮಂಜಸವಾಗಿ ಕೇಳಿಸಬೇಕು. ನಿನ್ನನ್ನೇ ಇರಿದುಕೋ ಎಂದರೆ ಮಂತ್ರ ಅಲ್ಲಿಗೇ ಮುರಿಯುತ್ತದೆ. 2024ರ ಪರಿಷ್ಕರಣದಲ್ಲಿ 'ಸಮಂಜಸ' ಎಂಬ ಮಾತನ್ನು ತೆಗೆದು 'ಸಾಧ್ಯ' ಎಂಬರ್ಥದ ಮಾತನ್ನಿಟ್ಟಿದ್ದಾರೆ. ಯಾವುದು ಸಮಂಜಸವೆಂಬ ಜಗಳಕ್ಕೆ ಕೊನೆಯಿಲ್ಲ. ಯಾವುದು ಸಾಧ್ಯವೆಂಬುದನ್ನು ಹೇಗಾದರೂ ತೀರ್ಮಾನಿಸಬಹುದು.

ಮೂರನೆಯದು 'ಡಾಮಿನೇಟ್ ಪರ್ಸನ್', ಪೂರ್ಣ ವಶ್ಯ. ಇದು ಮೇಲ್ಮಟ್ಟದ ಮಂತ್ರ. ಹಿಡಿತಕ್ಕೆ ಸಿಕ್ಕವನು ಸೂತ್ರದ ಬೊಂಬೆ. ಆದ್ದರಿಂದಲೇ ಸಾಮಾನ್ಯವಾಗಿ ಅವಧಿ ಒಂದೇ ನಿಮಿಷ. ವಶನಾದವನಿಗೆ ಪೆಟ್ಟು ಬಿದ್ದಾಗಲೆಲ್ಲ ದಾಳವೆಸೆದು ಬಿಡಿಸಿಕೊಳ್ಳುವ ಹೊಸ ಅವಕಾಶವೂ ಉಂಟು. ಗೆಳೆಯ ಹೊಡೆದ ಪೆಟ್ಟೇ ಅವನನ್ನು ಎಚ್ಚರಿಸಬಹುದು.

ಈ ಕಟ್ಟುಪಾಡುಗಳೆಲ್ಲ ಮೊದಲಿನಿಂದ ಇದ್ದವಲ್ಲ. 1974ರ ಪುಸ್ತಕದಲ್ಲಿ ಮೋಹನಕ್ಕೆ ಅವಧಿಯೇ ಇರಲಿಲ್ಲ. ಮತ್ತೊಂದು ಮಂತ್ರದಿಂದ ಬಿಡಿಸುವ ತನಕ ಅದು ಬಿಡದು. 1978ರ ಪುಸ್ತಕದಲ್ಲಿ ಬುದ್ಧಿಗೆ ತಕ್ಕ ಗಡುವು ಬಂತು: ಮಂದಬುದ್ಧಿಗೆ ಮೂರು ತಿಂಗಳಿಗೊಮ್ಮೆ, ಅತಿ ಚುರುಕಿನವನಿಗೆ ದಿನಕ್ಕೊಮ್ಮೆ ಬಿಡುಗಡೆಯ ಯತ್ನ. ಈಗ ಗಂಟೆ, ನಿಮಿಷಗಳಿಗೆ ಇಳಿದಿದೆ.

ಹೀಗೇಕೆ? ನನಗೆ ತೋರುವ ಕಾರಣ ಇದು. ಈ ಆಟದಲ್ಲಿ ಲೋಕ ನಿರೂಪಕನದು, ಸೋಲುಗೆಲವು ದಾಳದ್ದು. ಆಟಗಾರನ ಸ್ವಂತದ್ದೆಂದರೆ 'ನನ್ನ ಪಾತ್ರ ಈಗ ಇಂಥದನ್ನು ಮಾಡುತ್ತದೆ' ಎಂಬ ನಿರ್ಧಾರವೊಂದೇ. ಕತ್ತಿ ಪಾತ್ರದ ಪ್ರಾಣ ತೆಗೆಯಬಹುದು; ವಶ್ಯ ಆಟಗಾರನ ಆ ನಿರ್ಧಾರವನ್ನೇ ಕಸಿಯುತ್ತದೆ. ಎದ್ದುಹೋದ ಹುಡುಗನ ನೋವು ಅದು.

ಇದನ್ನು ಓದುತ್ತ ನನಗೆ ಹಳೆಯ ಸಂಗತಿಯೊಂದು ನೆನಪಾಯಿತು. ಬಹಳ ವರ್ಷಗಳ ಹಿಂದೆ ಎಂ.ಎ. ತರಗತಿಯ ವಿದ್ಯಾರ್ಥಿಯೊಬ್ಬ, ಕಾಯಿಲೆ ಬಿದ್ದ ತಂದೆಯ ಅಂಗಡಿ ನೋಡಿಕೊಳ್ಳಲು ಓದು ಬಿಡುತ್ತೇನೆಂದು ಹೇಳಲು ಬಂದ. ನಾನು ಚೆನ್ನಾಗಿ ಮಾತನಾಡಬಲ್ಲೆ. ಅಂದು ಇನ್ನೂ ಚೆನ್ನಾಗಿ ಮಾತನಾಡಿದೆ. ಅವನು ಉಳಿದ. ತಂದೆ ತೀರಿಕೊಂಡರು, ಅಂಗಡಿ ಮುಚ್ಚಿತು. ಆಮೇಲೆ ಎಂದೋ ಸಿಕ್ಕಾಗ, "ಆವತ್ತು ನಿಮ್ಮೆದುರು ಇಲ್ಲ ಅನ್ನೋಕೆ ಆಗಲಿಲ್ಲ ಸಾರ್" ಎಂದ. ದೂರುವ ದನಿಯಲ್ಲಿ ಅಲ್ಲ; ಆದರೂ ಆ ಮಾತು ನನ್ನಲ್ಲಿ ಉಳಿದಿದೆ. ನನ್ನ ಸೂಚನೆ ಸಮಂಜಸವಾಗಿಯೇ ಕೇಳಿಸಿತ್ತು. ಅದಕ್ಕೆ ಗಂಟೆಯ ಗಡುವಿರಲಿಲ್ಲ, ತಡೆಯಲು ಅವನ ಕೈಯಲ್ಲಿ ದಾಳವೂ ಇರಲಿಲ್ಲ.

ಮರುದಿನ ಆ ಹುಡುಗ ಮತ್ತೆ ಬಂದ. ಆಟಕ್ಕೆ ಮೊದಲು ನನ್ನ ಮೊಮ್ಮಗ, "ಇನ್ಮೇಲೆ ವಶ ಮಾಡೋದು ಬೇಡವೇನೋ?" ಎಂದು ಕೇಳಿದ. ಹುಡುಗ ಕೊಂಚ ಯೋಚಿಸಿ, "ಮಾಡಲಿ. ಆದರೆ ನನ್ನ ಪಾತ್ರ ಏನು ಮಾಡಿತು ಅಂತ ನಾನೇ ಹೇಳ್ತೀನಿ" ಎಂದ. ಎಲ್ಲರೂ ಒಪ್ಪಿದರು. ಅಂದು ರಾತ್ರಿ ಊಟಕ್ಕೆ ಕರೆದರೂ ಏಳದೆ ಆಡಿದರು.