ಯೂರಿಯಾ ಕಂಡೊಡನೆ ಕೈಕಟ್ಟಿ ಕೂರುವ ಅಜೋಸ್ಪಿರಿಲಂ

ರಾಗಿ ಬೀಜಕ್ಕೆ ಅಜೋಸ್ಪಿರಿಲಂ ಲೇಪಿಸಿ ಬಿತ್ತಿದ ಕೆಲವರು ದುಡ್ಡು ದಂಡವಾಯಿತೆಂದು ದೂರುವುದುಂಟು. ಪೊಟ್ಟಣದ ಅವಧಿ ಮೀರಿದ್ದರೆ ಹಾಗಾಗಬಹುದು. ಆದರೆ ಜೀವಂತ ಅಣುಜೀವಿಯೂ ಸುಮ್ಮನೆ ಕೂರುವ ಸಂದರ್ಭವೊಂದಿದೆ.

ಈ ಅಣುಜೀವಿಯನ್ನು 1925ರಲ್ಲೇ ಹಾಲೆಂಡಿನ ಬೈಜರಿಂಕ್ ವರ್ಣಿಸಿದ್ದರು. ಹುಲ್ಲುಜಾತಿಯ ಬೆಳೆಗಳ ಬೇರಿನಲ್ಲಿ ಅದರ ಮಹತ್ವವನ್ನು 1970ರ ದಶಕದಲ್ಲಿ ತೋರಿಸಿಕೊಟ್ಟವರು ಬ್ರೆಜಿಲಿನ ಯೋಹಾನಾ ಡೊಬೆರೈನರ್. ಗಾಳಿಯ ಸಾರಜನಕವನ್ನು ಅಮೋನಿಯವಾಗಿ ಮಾರ್ಪಡಿಸುವುದು ಇದರ ಕಸುಬು. ಸಾರಜನಕದ ಒಂದು ಅಣುವಿಗೆ ಎಟಿಪಿ ಎಂಬ ಶಕ್ತಿದಾಯಕ ವಸ್ತುವಿನ 16 ಅಣುಗಳು ಖರ್ಚಾಗುತ್ತವೆ. ಇಷ್ಟು ದುಬಾರಿಯಾದುದರಿಂದ, ಸಿದ್ಧ ಅಮೋನಿಯ ಸಿಕ್ಕಿದರೆ ಅದು ದುಡಿಯುವುದಿಲ್ಲ.

ಸಿಕ್ಕಿದ್ದು ಅದಕ್ಕೆ ತಿಳಿಯುವುದು ಹೇಗೆ? ಅದರ ಜೀವಕೋಶದೊಳಗೆ ಪಿ-ಟೂ ಎಂಬ ನಿಯಂತ್ರಕ ಸಸಾರಜನಕ, ಅಂದರೆ ಪ್ರೋಟೀನು ಇದೆ. ಒಲೆಯ ಮೂರು ಗುಂಡುಗಳಂತೆ ಮೂರು ತುಣುಕುಗಳು ಕೂಡಿ ಆದದ್ದು. ಅಮೋನಿಯ ದೊರೆತೊಡನೆ ಕೋಶದಲ್ಲಿ ಗ್ಲುಟಮಿನ್ ಎಂಬ ಪುಟ್ಟ ಅಣು ಹೆಚ್ಚುತ್ತದೆ. ಆಗ ಪಿ-ಟೂ ಮೇಲೆ ಅಂಟಿದ್ದ ರಾಸಾಯನಿಕ ಗುರುತು ಕಳಚಿ, ಅದು ಇನ್ನೊಂದು ಪ್ರೋಟೀನಿನೊಡನೆ ಜೊತೆಗೂಡುತ್ತದೆ. ಈ ಜೋಡಿಯೇ ಸಾರಜನಕ ಹಿಡಿಯುವ ಕಿಣ್ವಕ್ಕೆ ಬೀಗ ಹಾಕುವುದು. ಬೀಗ ತೆಗೆಯಬಲ್ಲ ಪ್ರೋಟೀನನ್ನು ಪಿ-ಟೂವಿನ ಸೋದರನೊಂದು ಕೋಶದ ಪೊರೆಯ ಬಳಿ ಕಟ್ಟಿಹಾಕಿರುತ್ತದೆ. ಅಮೋನಿಯ ತೀರಿದಾಗ ಗ್ಲುಟಮಿನ್ ಇಳಿದು ಆಕ್ಸೋಗ್ಲುಟರೇಟ್ ಎಂಬ ಮತ್ತೊಂದು ಪುಟ್ಟ ಅಣು ಏರುತ್ತದೆ. ಅದು ಎಟಿಪಿಯೊಡನೆ ಬಂದು ಕೂತರೆ ಪೊರೆಯ ಬಳಿಯ ಕೂಟ ಚದುರುತ್ತದೆ, ಬೀಗ ತೆರೆಯುತ್ತದೆ. ಹೆಸರುಗಳು ನೆನಪಿನಲ್ಲಿ ಉಳಿಯದಿದ್ದರೆ ಚಿಂತೆಯಿಲ್ಲ, ನಮ್ಮ ವಿದ್ಯಾರ್ಥಿಗಳಿಗೂ ಉಳಿಯುವುದಿಲ್ಲ. ಬೀಗ ಬೀಳಲು ಕೆಲವೇ ನಿಮಿಷ ಸಾಕೆಂಬುದನ್ನು ಮಾತ್ರ ಗಮನದಲ್ಲಿಡಿ.

ವೈಟ್‌ಫೀಲ್ಡ್ ಬಳಿಯ ವರ್ತೂರು ಕೆರೆಗೆ ಬೆಂಗಳೂರಿನ ಕೊಳಚೆ ಹರಿದುಬಂದುದನ್ನು ನೀವು ಬಲ್ಲಿರಿ. 2015ರಲ್ಲಿ ಅದರ ನೊರೆ ರಸ್ತೆಗೇ ಹಾರಿತ್ತು. ಕೊಳಚೆ ಬೆರೆತ ನೀರಿನಲ್ಲಿ ಅಮೋನಿಯ ಇದ್ದೇ ಇರುತ್ತದೆ. ಅಂಥ ನೀರು ಹಾಯಿಸುವ ಸೊಪ್ಪಿನ ಮಡಿಗಾಗಲಿ, ಸೀಮೆಹುಲ್ಲಿಗಾಗಲಿ ಅಜೋಸ್ಪಿರಿಲಂ ಹಾಕಿ ಸಾರಜನಕವನ್ನು ನಿರೀಕ್ಷಿಸಬೇಡಿ. ಬೇರು ಬೆಳೆಸುವ ಹಾರ್ಮೋನನ್ನೂ ಅದು ಕೊಡುತ್ತದೆ, ನಿಜ. ಆದರೆ ನೀವು ಪೊಟ್ಟಣ ಕೊಳ್ಳುವುದು ಯೂರಿಯಾ ಉಳಿಸಲೆಂದು ತಾನೆ? ಎಲೆಕ್ಟ್ರಾನಿಕ್ ಸಿಟಿಯಾಚೆ ಆನೇಕಲ್ ಕಡೆ ಉಳಿದಿರುವ ಮಳೆಯಾಶ್ರಿತ ಕೆಂಪು ಹೊಲವೇ ಅದಕ್ಕೆ ತಕ್ಕ ಜಾಗ.

ಬೆಲ್ಲದ ಪಾಕದಲ್ಲಿ ಲೇಪಿಸಿದ ಬೀಜವನ್ನು ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿರಿ. ಯೂರಿಯಾದೊಡನೆ ಬೆರೆಸಬೇಡಿ. ಮಳೆಯಾಶ್ರಿತ ರಾಗಿಗೂ ಶಿಫಾರಸಿನ ಸಾರಜನಕವನ್ನೆಲ್ಲ ಒಮ್ಮೆಗೇ ಸುರಿಯದೆ, ಅರ್ಧವನ್ನು ಬಿತ್ತನೆಯ ವೇಳೆ ಬೀಜಕ್ಕೆ ತಗಲದಂತೆ ಕೊಟ್ಟು, ಉಳಿದರ್ಧವನ್ನು ಕಳೆ ತೆಗೆದ ಮೇಲೆ ಹದವಿದ್ದಾಗ ಮೇಲುಗೊಬ್ಬರವಾಗಿ ಕೊಡಿರಿ.