ಕೊಳೆರೋಗ ಯಾರ ನೆಂಟ?

ಪಿಯುಸಿಯಲ್ಲಿ ಅತ್ಯಂತ ಬೋರು ಹೊಡೆಸಿದ ಪಾಠ ಯಾವುದು ಎಂದು ಯಾರಾದರೂ ಕೇಳಿದರೆ ಯೋಚನೆ ಮಾಡದೆ ಹೇಳುತ್ತೇನೆ: ಜೀವಿಗಳ ವರ್ಗೀಕರಣ. ಕಿಂಗ್‌ಡಮ್, ಫೈಲಮ್, ಕ್ಲಾಸ್, ಆರ್ಡರ್, ಫ್ಯಾಮಿಲಿ... ಬಸ್ಸಿನಲ್ಲಿ ನಿಂತುಕೊಂಡೇ ಉರು ಹೊಡೆದಿದ್ದೆ. ಇಂಜಿನಿಯರಿಂಗ್ ಸೀಟು ಸಿಕ್ಕಿದ ದಿನವೇ ಬಯಾಲಜಿ ಪುಸ್ತಕ ಅಟ್ಟ ಸೇರಿತು. ಅದು ಮತ್ತೆ ಕೆಳಗಿಳಿದದ್ದು ಕಳೆದ ಮಳೆಗಾಲದಲ್ಲಿ, ನಮ್ಮ ತೋಟದ ಅಡಿಕೆ ಉದುರತೊಡಗಿದಾಗ.

ನಮ್ಮದು ತೀರ್ಥಹಳ್ಳಿ ಕಡೆಯ ಒಂದೂವರೆ ಎಕರೆ ತೋಟ. ಮನೆ ಖರ್ಚು, ನನ್ನ ಫೀಸು, ಹಾಸ್ಟೆಲ್ ಬಿಲ್ಲು ಎಲ್ಲವೂ ಅದರಿಂದಲೇ ಬರಬೇಕು. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸುವುದು ಅಜ್ಜನ ಕಾಲದಿಂದ ಬಂದ ರೂಢಿ. ಕಳೆದ ವರ್ಷ ಎರಡನೇ ಸಲಕ್ಕೆ ಅಪ್ಪ ಮೈಲುತುತ್ತ, ಸುಣ್ಣ ಕದಡುವ ರಗಳೆಯೇ ಬೇಡ ಎಂದುಕೊಂಡರು. ಅಂಗಡಿಯವರು ಒಂದು ದುಬಾರಿ ಬಾಟಲಿ ಕೊಟ್ಟು, ‘ಎಲೆಚುಕ್ಕಿಗೆ ಇದು ಚೆನ್ನಾಗಿ ಕೆಲಸ ಮಾಡಿದೆ ಅಣ್ಣ, ಕೊಳೆಯೂ ಫಂಗಸ್ಸೇ ಅಲ್ವಾ, ನಿಲ್ಲುತ್ತೆ’ ಎಂದಿದ್ದರು.

ನಿಲ್ಲಲಿಲ್ಲ. ನಾನು ಶನಿವಾರ ಊರಿಗೆ ಹೋದಾಗ ಮರದ ಬುಡದಲ್ಲೆಲ್ಲ ಹಸಿರಡಿಕೆ ಬಿದ್ದಿತ್ತು. ಮೇಲೆ ಬಿಳಿ ಬೂಷ್ಟು, ಕೊಳೆತ ವಾಸನೆ. ಅಪ್ಪ ಒಂದು ಹಿಡಿ ಹೆಕ್ಕಿ, ‘ನಿನ್ನ ಒಂದು ಸೆಮಿಸ್ಟರ್ ಫೀಸು ಇಲ್ಲೇ ಬಿದ್ದಿದೆ ನೋಡು ಮಾರಾಯ’ ಎಂದರು. ಬೈದಿದ್ದರೆ ಬೇಜಾರಾಗುತ್ತಿರಲಿಲ್ಲ. ನಗುತ್ತಾ ಹೇಳಿದ್ದರಿಂದಲೇ ಹೊಟ್ಟೆಯಲ್ಲಿ ಸಂಕಟವಾಯಿತು.

ರಾತ್ರಿ ಬಾಟಲಿಯ ಚೀಟಿ ಹಿಡಿದು ಕೂತೆ. ಅದು ಅಜೋಲ್ ಎಂಬ ಗುಂಪಿನ ಔಷಧಿ. ಶಿಲೀಂಧ್ರಗಳ ಜೀವಕೋಶದ ಪೊರೆಗೆ ಎರ್ಗೊಸ್ಟೆರಾಲ್ ಎಂಬ ವಸ್ತು ಬೇಕು. ಅಜೋಲ್ ಅದರ ತಯಾರಿಯನ್ನೇ ತಡೆಯುತ್ತದೆ. ಎಲೆಚುಕ್ಕಿ ತರುವುದು ನಿಜವಾದ ಶಿಲೀಂಧ್ರ, ಹಾಗಾಗಿ ಅಲ್ಲಿ ಔಷಧಿ ನಾಟುತ್ತದೆ. ಆದರೆ ಕೊಳೆರೋಗ ತರುವ ಫೈಟಾಫ್ತೊರಾ ಆ ವಸ್ತುವನ್ನು ತಯಾರಿಸುವುದೇ ಇಲ್ಲ. ಇಲ್ಲದ ಕಾರ್ಖಾನೆಗೆ ಬೀಗ ಹಾಕಿದ ಹಾಗಾಗಿತ್ತು ನಮ್ಮ ಕಥೆ!

ಹಾಗಾದರೆ ಫೈಟಾಫ್ತೊರಾ ಶಿಲೀಂಧ್ರ ಅಲ್ಲವಾ? ಅಟ್ಟದಿಂದ ಪುಸ್ತಕ ಇಳಿಸಿದೆ. ಅದರಲ್ಲಿ ಇದರ ಹತ್ತಿರದ ಸಂಬಂಧಿ ಆಲ್ಬುಗೊ ಶಿಲೀಂಧ್ರಗಳ ಸಾಲಿನಲ್ಲೇ ಇತ್ತು. ನಾನೂ ಹಾಗೇ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಜೀವವಿಜ್ಞಾನಿಗಳು ಈ ಗುಂಪನ್ನು ಶಿಲೀಂಧ್ರ ಸಾಮ್ರಾಜ್ಯದಿಂದ ಹೊರಗಿಟ್ಟಾಗಿದೆ. ಇವುಗಳ ಹೆಸರು ಊಮೈಸೀಟ್ಸ್. ಹತ್ತಿರದ ನೆಂಟರು ಯಾರು ಗೊತ್ತಾ? ಸಮುದ್ರದ ಕಂದು ಪಾಚಿಗಳು! ನಿಜವಾದ ಶಿಲೀಂಧ್ರಗಳಾದರೋ ಗಿಡಗಳಿಗಿಂತ ಪ್ರಾಣಿಗಳಿಗೆ, ಅಂದರೆ ನಮಗೆ, ಹತ್ತಿರ.

ಈ ಗೊಂದಲ ಹುಟ್ಟಿದ್ದು ನೋಟದಿಂದ. 1753ರಲ್ಲಿ ಸಸ್ಯಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ ಅಣಬೆಗಳನ್ನೂ ಸಸ್ಯಗಳ ಜೊತೆ ಸೇರಿಸಿದ್ದ. ನೆಲದಲ್ಲಿ ಹುಟ್ಟುತ್ತದೆ, ಓಡಾಡುವುದಿಲ್ಲ, ಅಲ್ಲಿಗೆ ಗಿಡ ಎಂದೇ ಲೆಕ್ಕ. 1969ರಲ್ಲಿ ವಿಟೇಕರ್ ಐದು ಸಾಮ್ರಾಜ್ಯಗಳ ಪಟ್ಟಿ ಕೊಟ್ಟು ಶಿಲೀಂಧ್ರಗಳಿಗೆ ಬೇರೆ ಮನೆ ಮಾಡಿಕೊಟ್ಟರು. 1977ರಲ್ಲಿ ಕಾರ್ಲ್ ವೂಸ್ ಅವರು ಜೀವಕೋಶದೊಳಗಿನ ರೈಬೋಸೋಮಿನ ಆರ್‌ಎನ್‌ಎ ಹೋಲಿಸಿ, ಬ್ಯಾಕ್ಟೀರಿಯಾ ಎಂದುಕೊಂಡಿದ್ದ ಕೆಲವು ಜೀವಿಗಳು ಬೇರೆಯದೇ ಕವಲು ಎಂದು ತೋರಿಸಿದರು. ಅಲ್ಲಿಂದ ‘ನೋಡಲು ಹೇಗಿದೆ’ ಎನ್ನುವುದಕ್ಕಿಂತ ‘ಪೂರ್ವಜರು ಯಾರು’ ಎಂಬ ಪ್ರಶ್ನೆಯೇ ಮುಖ್ಯವಾಯಿತು.

ಫೈಟಾಫ್ತೊರಾ ಶಿಲೀಂಧ್ರದಂತೆ ನೂಲುನೂಲಾಗಿ ಬೆಳೆಯುತ್ತದೆ, ಬೀಜಕಣ ಬಿಡುತ್ತದೆ. ಆದರೆ ಶಿಲೀಂಧ್ರದ ಕೋಶಭಿತ್ತಿಯಲ್ಲಿ ಸೀಗಡಿ ಚಿಪ್ಪಿನಲ್ಲಿರುವ ಕೈಟಿನ್ ಇದ್ದರೆ, ಇದರದ್ದರಲ್ಲಿ ಸೆಲ್ಯುಲೋಸ್ ಇದೆ. ಇದರ ಬೀಜಕಣಗಳಿಗೆ ಎರಡು ಬಾಲ. ನೀರಿನಲ್ಲಿ ಈಜುತ್ತವೆ. ಎಡೆಬಿಡದೆ ಮಳೆ ಸುರಿದರೆ ಕೊಳೆ ಏಕೆ ಹಬ್ಬುತ್ತದೆ ಎಂಬುದಕ್ಕೆ ಇದೇ ಉತ್ತರ. ಜೀನ್‌ಗಳನ್ನು ಹೋಲಿಸಿದಾಗ ಸಂಬಂಧ ಪಕ್ಕಾ ಆಯಿತು.

ಡೇಟಾ ಸ್ಟ್ರಕ್ಚರ್ ಕ್ಲಾಸಿನಲ್ಲಿ ನಾವು ಟ್ರೀ ಬರೆಯುತ್ತೇವಲ್ಲ, ಒಂದು ಬೇರು, ಅದರಿಂದ ಕವಲು, ಕವಲಿಗೆ ಮರಿಕವಲು? ವರ್ಗೀಕರಣ ಎಂದರೆ ಅದೇ. ನಾನು ಅದನ್ನು ಫೈಲ್ ಇಡುವ ಕಪಾಟು ಎಂದುಕೊಂಡಿದ್ದೆ. ನಿಜವಾಗಿ ಅದು ವಂಶವೃಕ್ಷ. ಒಂದು ಕವಲಿನಲ್ಲಿರುವವರು ಪೂರ್ವಜರಿಂದ ಏನೇನು ಪಡೆದಿರಬಹುದು, ಏನು ಪಡೆದಿರಲಿಕ್ಕಿಲ್ಲ ಎಂದು ಅದು ಮುಂಚೆಯೇ ಸೂಚಿಸುತ್ತದೆ. ತಪ್ಪು ಕವಲಿಗೆ ಹಾಕಿದರೆ ಔಷಧಿಯೂ ತಪ್ಪುತ್ತದೆ.

ಹಾಗಾದರೆ ಅಜ್ಜನ ಬೋರ್ಡೋ ಹೇಗೆ ಕೆಲಸ ಮಾಡಿತು? ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ 1880ರ ದಶಕದಲ್ಲಿ ದ್ರಾಕ್ಷಿ ರೋಗಕ್ಕೆಂದು ಬಂದ ಔಷಧಿ ಅದು. ಆ ದ್ರಾಕ್ಷಿ ರೋಗದ ಜೀವಿಯೂ ಊಮೈಸೀಟೇ. ನಮ್ಮಲ್ಲಿಗೆ ಬಂದರೆ, ಮೈಸೂರು ಸಂಸ್ಥಾನದ ಕೆಲಸಕ್ಕೆಂದು ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆಯೇ ವರದಿ ಬರೆದರು, ಶೀರ್ಷಿಕೆಯಲ್ಲೂ ನಮ್ಮ ‘ಕೊಳೆರೋಗ’ ಪದವನ್ನೇ ಇಟ್ಟರು. ಅವರು ಅದನ್ನು ಫೈಟಾಫ್ತೊರಾ ಎಂದು ಸರಿಯಾಗಿಯೇ ಗುರುತಿಸಿ ಬೋರ್ಡೋ ಶಿಫಾರಸು ಮಾಡಿದರು. ಆಗ ಎಲ್ಲರೂ ಅದನ್ನು ಶಿಲೀಂಧ್ರ ಎಂದೇ ತಿಳಿದಿದ್ದರು, ಆದರೂ ನಷ್ಟವಾಗಲಿಲ್ಲ. ಏಕೆಂದರೆ ತಾಮ್ರ ಒಂದೇ ಕಡೆ ಗುರಿಯಿಡುವುದಿಲ್ಲ, ಎದುರಿಗೆ ಶಿಲೀಂಧ್ರ ಬರಲಿ, ಊಮೈಸೀಟು ಬರಲಿ, ದೊಣ್ಣೆ ಬೀಸುತ್ತದೆ. ಈಗಿನ ಔಷಧಿಗಳು ದೊಣ್ಣೆಯಲ್ಲ, ಕೀಲಿಕೈ. ಬೀಗ ಯಾರದ್ದೆಂದು ಗೊತ್ತಿಲ್ಲದಿದ್ದರೆ ದುಡ್ಡು ದಂಡ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಎಲೆ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿ, ‘ಇದನ್ನೆಲ್ಲ ಪಿಯುಸಿಯಲ್ಲೇ ಓದಿರಲಿಲ್ಲವಾ ನೀನು?’ ಎಂದರು. ಓದಿದ್ದೆ ಎನ್ನಲೋ, ಇಲ್ಲ ಎನ್ನಲೋ ತಿಳಿಯಲಿಲ್ಲ.

ಈ ವರ್ಷ ಎರಡನೇ ಸಲದ ಔಷಧಿಗೆ ರಜೆ ಹಾಕಿ ಊರಿಗೆ ಹೋಗಿದ್ದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ದ್ರಾವಣಕ್ಕೆ ಕತ್ತಿ ಅದ್ದಿ, ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಹಾಕಬೇಕು ಎಂದು ಅಪ್ಪ ಕಲಿಸಿಕೊಟ್ಟರು. ಆ ಹೊತ್ತಿಗೆ ಪಕ್ಕದ ತೋಟದವರು ಬಂದು, ‘ಅಂಗಡಿಯಲ್ಲಿ ಫಂಗಸ್‌ಗೆ ಹೊಸ ಔಷಧಿ ಬಂದಿದೆಯಂತಲ್ಲ, ಕೊಳೆಗೂ ಹೊಡೆಯಬಹುದಾ?’ ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ಅಪ್ಪನೇ ಹೇಳಿದರು: ‘ಅದು ಯಾವುದರ ಮೇಲೆ ಕೆಲಸ ಮಾಡುತ್ತೆ ಅಂತ ಮೊದಲು ಕೇಳಿ. ಕೊಳೆ ಫಂಗಸ್ ಅಲ್ಲ, ಪಾಚಿ ಕಡೆಯ ನೆಂಟ.’